ರೆಪ್ಪೆ ಮುಚ್ಚೈತಾ, ಕೇಳಿ

‘ಕಣ್ಣು ಮುಚ್ಚಿದ’ ಅಂದರೆ ನಮ್ಮ ಮದ್ದಿಕೇರದ ಕಡೆ ಕನ್ನಡದಲ್ಲೂ ತೆಲುಗಿನಲ್ಲೂ ಸತ್ತ ಅಂತಲೇ ಅರ್ಥ. ಹತ್ತಿಗೆ ಎಣ್ಣೆ ಹೊಡೆಯುವಾಗ ವಿಷವೇರಿ ನನ್ನ ಭಾವಮೈದ ಐಸಿಯು ಸೇರಿದಾಗ, ಅವನ ಅರೆತೆರೆದ ಕಣ್ಣು ಕಂಡು ನಾವು ಸಮಾಧಾನಪಟ್ಟೆವು. ಜೀವ ಉಳಿಯಿತು, ಎಡಗಣ್ಣಲ್ಲಿ ಹೂ ಬಿತ್ತು.

ಉಸಿರಿನ ಯಂತ್ರದ ಮೇಲೆ, ನಿದ್ದೆ ಔಷಧಿಯಲ್ಲಿ ಇರುವವರು ರೆಪ್ಪೆ ಬಡಿಯಲಾರರು. ರೆಪ್ಪೆ ಅರೆ ತೆರೆದೇ ಉಳಿದರೆ ಕರಿಗುಡ್ಡೆ ಮಳೆ ಕಾಣದ ಎರೆಹೊಲದಂತೆ ಒಣಗಿ ಹುಣ್ಣಾಗುತ್ತದೆ. ತಡೆಯಲು ದೊಡ್ಡ ಖರ್ಚೇನಿಲ್ಲ. ಪಾಳಿ ಪಾಳಿಗೂ ರೆಪ್ಪೆ ಪೂರಾ ಮುಚ್ಚಿದೆಯೇ ನೋಡಬೇಕು; ಒಂದೊಂದು ಕಣ್ಣನ್ನೂ ಬೇರೆ ಬೇರೆ ಶುದ್ಧ ಬಟ್ಟೆಯಿಂದ ಒರೆಸಿ ಮುಲಾಮು ಹಾಕಬೇಕು; ಆದರೂ ಮುಚ್ಚದಿದ್ದರೆ ತೆಳು ಪ್ಲಾಸ್ಟಿಕ್ ಹೊದಿಕೆ.

ಸಿಸ್ಟರುಗಳನ್ನು ದೂರುತ್ತಿಲ್ಲ, ಅವರಿಗೆ ಕೈತುಂಬ ಕೆಲಸ. ಅದಕ್ಕೇ ಬಿಪಿ, ಜ್ವರ ಬರೆಯುವ ಚಾರ್ಟಿನಲ್ಲೇ ‘ಕಣ್ಣು’ ಅಂತ ಒಂದು ಕಾಲಂ ಇರಲಿ. ಬರೆಯಬೇಕಾದದ್ದು ಮರೆತುಹೋಗುವುದಿಲ್ಲ.

ನಾವೂ ಸುಮ್ಮನಿರಬಾರದು. ಆದೋನಿ, ಕರ್ನೂಲು, ಬಳ್ಳಾರಿ ಎಲ್ಲಿಗೇ ಒಯ್ಯಿರಿ, ಅಪಶಕುನ ಅನ್ನದೆ ಕೇಳಿ: ‘ಸಿಸ್ಟರಮ್ಮ, ರೆಪ್ಪೆ ಮುಚ್ಚೈತಾ?’ ಕನ್ನಡದಲ್ಲಿ ರೆಪ್ಪೆ, ತೆಲುಗಿನಲ್ಲಿ ರೆಪ್ಪ. ಯಾವ ಭಾಷೆಯ ಸಿಸ್ಟರಿಗಾದರೂ ತಿಳಿಯುತ್ತದೆ.