ನಕಲು ಬೇಕು, ನಕಲಿ ಬೇಡ

ಕನ್ನಡದಲ್ಲಿ ‘ನಕಲು’ ಅಂದರೆ ಪ್ರತಿ, ‘ನಕಲಿ’ ಅಂದರೆ ಸುಳ್ಳು. ಎರಡೂ ನಮ್ಮ ಮನೆಯ ಉರ್ದುವಿನಲ್ಲಿರುವ ‘ನಕಲ್’ ಎಂಬ ಒಂದೇ ಮಾತಿನ ನೆಂಟರು. ಅಂಗಡಿ, ಆಫೀಸು, ಶಾಲೆಗಳ ಕಂಪ್ಯೂಟರಿನಲ್ಲಿ ಬ್ಯಾಕಪ್ ಎಂಬ ಹೆಸರಿನಲ್ಲಿ ಕೂತಿರುವ ಫೈಲು ಇವೆರಡರಲ್ಲಿ ಯಾವುದು? ತೆರೆದು ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಒಮ್ಮೆಯೂ ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನನ್ನ ವಾದ. ಅದನ್ನು ತೆರೆದು ನೋಡುವ ಕೆಲಸ ಕಾಮರ್ಸ್ ಓದುವ ನಮ್ಮದೂ ಹೌದು.

ಬ್ಯಾಕಪ್ ಹೇಗೆ ಆಗುತ್ತದೆ ಎಂದು ಮೊದಲು ನೋಡೋಣ. ಬಿಲ್ಲಿಂಗ್ ಸಾಫ್ಟ್‌ವೇರ್‌ಗಳ ಹಿಂದೆ ಸಾಮಾನ್ಯವಾಗಿ ಒಂದು ರಿಲೇಶನಲ್ ಡೇಟಾಬೇಸ್ ಇರುತ್ತದೆ. ಗ್ರಾಹಕರದು ಒಂದು ಟೇಬಲ್, ಸರಕಿನದು ಒಂದು, ಬಿಲ್ಲುಗಳದು ಇನ್ನೊಂದು. ಬಿಲ್ಲಿನ ಟೇಬಲ್‌ನಲ್ಲಿ ಗ್ರಾಹಕರ ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆ ಹಿಡಿದು ಹೋದರೆ ಇನ್ನೊಂದು ಟೇಬಲ್‌ನಲ್ಲಿ ಅವರ ಹೆಸರು, ಫೋನ್ ನಂಬರ್ ಸಿಗುತ್ತದೆ. ಒಂದು ಟೇಬಲ್ ಉಳಿದು ಇನ್ನೊಂದು ಹೋದರೆ ಉಳಿದದ್ದೂ ಕೆಲಸಕ್ಕೆ ಬಾರದು. ಸಾಫ್ಟ್‌ವೇರ್ ಓಡುತ್ತಿರುವಾಗಲೇ ಅದರ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುವುದೂ ಅಪಾಯವೇ. ಅರ್ಧ ಬರೆದ ಬಿಲ್ಲು ಅರ್ಧವಾಗಿಯೇ ಕಾಪಿ ಆಗಬಹುದು.

ಅದಕ್ಕೇ ಡೇಟಾಬೇಸ್‌ನಿಂದ ‘ಡಂಪ್’ ತೆಗೆಯುತ್ತಾರೆ. ಟೇಬಲ್ ಕಟ್ಟುವ, ಅದರಲ್ಲಿ ಸಾಲು ತುಂಬುವ ಎಸ್‌ಕ್ಯೂಎಲ್ ಆದೇಶಗಳೆಲ್ಲ ಒಂದು ಫೈಲಿಗೆ ಇಳಿಯುತ್ತವೆ. ಖಾಲಿ ಡೇಟಾಬೇಸ್‌ನಲ್ಲಿ ಅವೇ ಆದೇಶಗಳನ್ನು ಓಡಿಸಿದರೆ ಹಳೆಯದೆಲ್ಲ ಮರಳಿ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ‘ಮೈಎಸ್‌ಕ್ಯೂಎಲ್‌ಡಂಪ್’ ಎಂಬ ಸಾಧನವಿದೆ. ಪ್ರೋಗ್ರಾಂ ಬರೆಯುವವರು ಅದನ್ನು ತಮ್ಮ ಕೋಡಿನಿಂದಲೇ ಕರೆಯುತ್ತಾರೆ, ಇಲ್ಲವೇ ಸಿದ್ಧವಿರುವ ಲೈಬ್ರರಿ ಬಳಸುತ್ತಾರೆ. ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲಿನಲ್ಲಿ ಬ್ಯಾಕಪ್ ಎಂಬ ಹೆಸರಿನದೇ ಒಂದು ಸೌಲಭ್ಯವಿದೆ. ನಾಲ್ಕೈದು ಸಾಲಿನ ಕೋಡ್ ಸಾಕು. ಕೆಲಸ ಇಷ್ಟು ಸುಲಭವಾಗಿರುವುದರಿಂದಲೇ ಅದು ಆಯಿತೋ ಇಲ್ಲವೋ ಎಂದು ನೋಡುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಜರಗನಹಳ್ಳಿಯಲ್ಲಿ ನನ್ನ ಮಾಮು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಬಡಗಿಗಳು, ಪ್ಲಂಬರ್‌ಗಳು ಸಾಮಾನನ್ನು ಉದ್ರಿ ಒಯ್ದು, ಕೆಲಸ ಮುಗಿದ ಮೇಲೆ ದುಡ್ಡು ಕೊಡುತ್ತಾರೆ. ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಮಾಮು ಬ್ಯಾಕಪ್ ಬಟನ್ ಒತ್ತುತ್ತಿದ್ದರು. ‘ಬ್ಯಾಕಪ್ ಯಶಸ್ವಿ’ ಎಂದು ಬರುತ್ತಿತ್ತು, ಆ ದಿನದ ತಾರೀಕಿನ ಫೈಲೊಂದು ಪೆನ್‌ಡ್ರೈವ್‌ನಲ್ಲಿ ಸೇರುತ್ತಿತ್ತು. ಒಂದು ದಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಪೆನ್‌ಡ್ರೈವ್ ಹಾಕಿ ನೋಡಿದರೆ ಹಲವು ತಿಂಗಳಿಂದ ಎಲ್ಲ ಫೈಲೂ ಸೊನ್ನೆ ಕೆಬಿ. ಸಾಫ್ಟ್‌ವೇರ್ ರಿಪೇರಿಗೆ ಬಂದವರು ಡೇಟಾಬೇಸ್‌ನ ಪಾಸ್‌ವರ್ಡ್ ಬದಲಿಸಿದ್ದರು, ಬ್ಯಾಕಪ್ ಕೋಡಿನಲ್ಲಿ ಹಳೆಯದೇ ಉಳಿದಿತ್ತು. ಡಂಪ್ ಆದೇಶ ದಿನವೂ ಸೋಲುತ್ತಿತ್ತು. ಆದರೆ ಅದರ ಫಲಿತಾಂಶ ಬರೆಯಬೇಕಾದ ಫೈಲು ಮೊದಲೇ ಹುಟ್ಟಿಕೊಂಡಿರುತ್ತಿತ್ತು. ಸೋತೆ ಎಂದು ಆದೇಶ ಹೇಳಿದ್ದನ್ನು ಪ್ರೋಗ್ರಾಂ ಕೇಳಿಸಿಕೊಳ್ಳಲೇ ಇಲ್ಲ. ಕೊನೆಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಬಿಲ್ಲುಗಳನ್ನು ಒಂದೊಂದಾಗಿ ತೆರೆದು ಉದ್ರಿ ಲೆಕ್ಕ ಮತ್ತೆ ಬರೆಯಲು ಮೂರು ವಾರ ಬೇಕಾಯಿತು. ಎಷ್ಟೋ ಬಡಗಿಗಳು ತಾವೇ ಬಂದು ಬಾಕಿ ಹೇಳಿದರು. ಎಲ್ಲರೂ ಬರಲಿಲ್ಲ.

ಇದು ಸಣ್ಣ ಅಂಗಡಿಯವರ ಅಜ್ಞಾನ ಎಂದು ಅನ್ನಿಸಿದರೆ ಗಿಟ್‌ಲ್ಯಾಬ್ ಕಥೆ ಕೇಳಿ. ಪ್ರಪಂಚದ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ತಾಣ ಅದು. 2017ರ ಜನವರಿ 31ರಂದು ಅಲ್ಲಿನ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಇಡುವ ಜಾಗವೇ ಖಾಲಿ. ಡಂಪ್ ತೆಗೆಯುವ ಸಾಧನದ ಆವೃತ್ತಿ ಡೇಟಾಬೇಸ್‌ನ ಆವೃತ್ತಿಗಿಂತ ಹಳೆಯದಾಗಿತ್ತು, ಹಾಗಾಗಿ ಪ್ರತಿ ಸಲವೂ ಸೋಲುತ್ತಿತ್ತು. ಸೋತಾಗ ಬರಬೇಕಾದ ಇಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಆರು ಗಂಟೆಗಳ ದಾಖಲೆ ಮರಳಲಿಲ್ಲ. ಅವರು ಇದನ್ನೆಲ್ಲ ಮುಚ್ಚಿಡದೆ ಬಹಿರಂಗವಾಗಿ ಬರೆದದ್ದು ಮೆಚ್ಚಬೇಕಾದ್ದು.

ಒಳ್ಳೆಯ ಬ್ಯಾಕಪ್ ಏನು ಮಾಡಬಲ್ಲದು ಎಂಬುದಕ್ಕೂ ನಮ್ಮ ದೇಶದಲ್ಲೇ ಉದಾಹರಣೆ ಇದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆಯಿತು. ಎಷ್ಟೋ ದಿನ ಚೀಟಿ, ರಿಪೋರ್ಟು ಎಲ್ಲ ಕೈಬರಹದಲ್ಲೇ ಸಾಗಬೇಕಾಯಿತು. ಆದರೂ ದಾಳಿಗೆ ಸಿಗದ ಒಂದು ಬ್ಯಾಕಪ್ ಸರ್ವರ್‌ನಿಂದ ರೋಗಿಗಳ ದಾಖಲೆಗಳು ಮರಳಿ ಸಿಕ್ಕವು.

ಕಾನೂನು ಕೂಡ ಇದನ್ನು ಲೆಕ್ಕದ ವಿಷಯ ಎಂದೇ ಕಾಣುತ್ತದೆ. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ತಿದ್ದುಪಡಿ ಬಂತು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಕಂಪನಿ ಅದರ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇಡಬೇಕು. ಮೊದಲು ‘ಕಾಲಕಾಲಕ್ಕೆ’ ಎಂದಿದ್ದದ್ದು ಈಗ ‘ದಿನವೂ’ ಆಗಿದೆ. ಮಾಮುವಿನ ಅಂಗಡಿಗೆ ಈ ನಿಯಮ ಅನ್ವಯಿಸದು. ಆದರೆ ನಾಳೆ ನಮ್ಮಲ್ಲಿ ಕೆಲವರು ಸಿಎ ಆಗುತ್ತೇವೆ, ಕೆಲವರು ಅಕೌಂಟೆಂಟ್ ಆಗುತ್ತೇವೆ. ಆಗ ‘ಅದು ಸಾಫ್ಟ್‌ವೇರ್‌ನವರ ಕೆಲಸ’ ಎಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ನಮಗೆ ಈ ಕೆಲಸ ಹೊಸದೂ ಅಲ್ಲ. ಜರ್ನಲ್ ಬರೆದು, ಲೆಡ್ಜರ್‌ಗೆ ಹಾಕಿ, ಅಲ್ಲಿಗೇ ನಿಲ್ಲಿಸುತ್ತೇವೆಯೇ? ತಾಳೆಪಟ್ಟಿ ತಯಾರಿಸಿ ಎರಡೂ ಬದಿ ಸಮ ಬಂದರೆ ಮಾತ್ರ ಮುಂದೆ ಹೋಗುತ್ತೇವೆ. ಬ್ಯಾಕಪ್‌ಗೂ ಒಂದು ತಾಳೆಪಟ್ಟಿ ಬೇಕು. ಬೇರೊಂದು ಕಂಪ್ಯೂಟರಿನಲ್ಲಿ ಖಾಲಿ ಡೇಟಾಬೇಸ್ ಮಾಡಿ ಅದರೊಳಕ್ಕೆ ಫೈಲನ್ನು ಓಡಿಸಿ. ಪ್ರತಿ ಟೇಬಲ್‌ನಲ್ಲಿ ಎಷ್ಟು ಸಾಲು ಎಂದು ಎರಡೂ ಕಡೆ ಎಣಿಸಿ. ಒಟ್ಟು ಬಾಕಿ ಮೊತ್ತ ತಾಳೆ ನೋಡಿ. ನಾಲ್ಕು ಹಳೆಯ ಬಿಲ್ಲು ತೆರೆಯಿರಿ. ಕನ್ನಡದಲ್ಲೋ ಉರ್ದುವಿನಲ್ಲೋ ಬರೆದ ಹೆಸರುಗಳನ್ನು ಮರೆಯದೆ ನೋಡಿ; ಡಂಪ್ ತೆಗೆಯುವಾಗ ಅಕ್ಷರಗಳ ಎನ್‌ಕೋಡಿಂಗ್ ತಪ್ಪಿದ್ದರೆ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳಿರುತ್ತವೆ.

ಎಲ್ಲವೂ ಗೂಗಲ್ ಡ್ರೈವ್‌ಗೆ ಹೋಗುತ್ತದಲ್ಲ ಎಂದು ಕೆಲವರು ಹೇಳಬಹುದು. ಖಾಲಿ ಫೈಲು ಕಳಿಸಿದರೆ ಡ್ರೈವ್ ಆ ಖಾಲಿ ಫೈಲನ್ನೇ ಭದ್ರವಾಗಿ ಇಡುತ್ತದೆ. ಪ್ರತಿ ಹೆಚ್ಚಾದಷ್ಟೂ ಮಾಹಿತಿ ಸೋರುವ ಭಯವೂ ಹೆಚ್ಚು ಎಂಬ ಇನ್ನೊಂದು ಆಕ್ಷೇಪ ನಿಜವಾದದ್ದು. ಡಂಪ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಹೆಸರು, ಫೋನ್ ನಂಬರ್ ಎಲ್ಲ ಓದಬಹುದು. ಆದ್ದರಿಂದ ಅದಕ್ಕೆ ಪಾಸ್‌ವರ್ಡ್ ಬೇಕು, ಎಲ್ಲೆಂದರಲ್ಲಿ ಬಿದ್ದಿರುವ ಪೆನ್‌ಡ್ರೈವ್ ಬೇಡ. ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಅಂದರೆ ನೌಕರಿಯಿಂದ ತಾತ್ಕಾಲಿಕವಾಗಿ ಹೊರಗಿಡುವುದು. ನಮ್ಮ ಮನೆಯಲ್ಲಿ ‘ಅಮಾನತ್’ ಅಂದರೆ ಬೇರೆಯವರು ನಂಬಿ ನಮ್ಮ ಬಳಿ ಇಟ್ಟದ್ದು. ಇನ್ನೊಬ್ಬರ ಲೆಕ್ಕವೂ ಅಂಥದ್ದೇ. ಕಳೆಯಲೂ ಬಾರದು, ಬಯಲಿಗೆ ಬೀಳಲೂ ಬಾರದು.

ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ನನ್ನದೊಂದು ಮನವಿ. ತಿಂಗಳಿಗೊಂದು ಶನಿವಾರ ಅರ್ಧ ಗಂಟೆ ಕಂಪ್ಯೂಟರ್ ಲ್ಯಾಬ್ ಕೊಡಿ. ಶುಲ್ಕ, ಅಂಕಗಳ ದಾಖಲೆಯನ್ನು ಆಫೀಸಿನವರೇ ಪರೀಕ್ಷಿಸಲಿ, ಅದನ್ನು ವಿದ್ಯಾರ್ಥಿಗಳು ನೋಡುವುದು ಸರಿಯಲ್ಲ. ಗ್ರಂಥಾಲಯದ ಪುಸ್ತಕಪಟ್ಟಿಯ ಬ್ಯಾಕಪ್ಪನ್ನು ನಮಗೆ ಕೊಡಿ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಅದನ್ನು ಖಾಲಿ ಡೇಟಾಬೇಸ್‌ಗೆ ಮರಳಿಸಲಿ, ಉಳಿದ ಕಾಮರ್ಸಿನವರು ಕಪಾಟಿನ ಪುಸ್ತಕಗಳೊಂದಿಗೆ ತಾಳೆ ನೋಡೋಣ. ಪರೀಕ್ಷೆ ನಡೆದ ತಾರೀಕು, ಸಿಕ್ಕ ಸಾಲುಗಳ ಸಂಖ್ಯೆ, ನೋಡಿದವರ ಸಹಿ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಆ ನೋಟ್‌ಬುಕ್ ತರುವ ಜವಾಬ್ದಾರಿ ನನ್ನದು.