ಬೇರು ಚೀನಾದ್ದು, ಬೇನೆ ಯಾರದ್ದು?

ಚೀನಾದ ಗಿಡಮೂಲಿಕೆ ತಿಂದರೆ ತೂಕ ಇಳಿಯುತ್ತದೆ, ಕೊಲೆಸ್ಟ್ರಾಲ್ ಕರಗುತ್ತದೆ, ಗಿಡದ್ದಾದ್ದರಿಂದ ಅಡ್ಡಪರಿಣಾಮವೇ ಇಲ್ಲ ಎಂಬ ಬರಹಗಳು ಈಗ ಚಿತ್ರದುರ್ಗದ ಓದುಗರ ಮೊಬೈಲಿಗೂ ಬಂದು ಬೀಳುತ್ತಿವೆ. ಕೊನೆಯ ಮಾತು ಶುದ್ಧ ಸುಳ್ಳು.

1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಕ್ಲಿನಿಕ್ಕೊಂದು ತೂಕ ಇಳಿಸಲು ಚೀನೀ ಬೇರಿನ ಪುಡಿ ಬೆರೆಸಿದ ಮಾತ್ರೆ ಕೊಟ್ಟಿತು. ಸ್ಟೆಫಾನಿಯಾ ಗಿಡದ ಬೇರು ಇರಬೇಕಾದಲ್ಲಿ ಅರಿಸ್ಟೊಲೋಕಿಯಾ ಗಿಡದ್ದು ಸೇರಿತ್ತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು. ಹಲವರಿಗೆ ಡಯಾಲಿಸಿಸ್ ಇಲ್ಲವೇ ಕಸಿ ಬೇಕಾಯಿತು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ನಮ್ಮಲ್ಲಿ ಹಾವು ಕಡಿತಕ್ಕೆ ಹೇಳುವ ಈಶ್ವರಿ ಬಳ್ಳಿಯೂ ಅದೇ ಕುಲದ್ದು!

ಕೊಲೆಸ್ಟ್ರಾಲ್ ಕರಗಿಸಲೆಂದು ಮಾರುವ ಚೀನಾದ ಕೆಂಪು ಯೀಸ್ಟ್ ಅಕ್ಕಿಯ ಕಥೆ ಬೇರೆ. ಅದು ಕೊಲೆಸ್ಟ್ರಾಲ್ ಇಳಿಸುವುದು ನಿಜ. ಕಾರಣ, ಅದರೊಳಗಿನ ಮೊನಾಕೊಲಿನ್ ಕೆ ಮತ್ತು ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟಾಟಿನ್ ಗುಂಪಿನ ಲೋವಾಸ್ಟಾಟಿನ್ ಮಾತ್ರೆ ಒಂದೇ ರಾಸಾಯನಿಕ. ಅಂದರೆ ಸ್ನಾಯುನೋವು, ಯಕೃತ್ತಿನ ತೊಂದರೆಯೂ ಜೊತೆಗೇ ಬರಬಹುದು. ಪ್ರಮಾಣ ಮಾತ್ರ ಒಂದೊಂದು ಡಬ್ಬಿಗೆ ಒಂದೊಂದು. ಈಗಾಗಲೇ ಸ್ಟಾಟಿನ್ ನುಂಗುತ್ತಿರುವ ಹಿರಿಯೂರಿನ ಹಿರಿಯರೊಬ್ಬರು ಇದನ್ನೂ ಸೇರಿಸಿಕೊಂಡರೆ ಒಂದೇ ಬಗೆಯ ಔಷಧವನ್ನು ಎರಡು ಸಲ ತಿಂದಂತೆ. 2024ರ ಮಾರ್ಚ್‌ನಲ್ಲಿ ಜಪಾನಿನ ಕೊಬಯಾಶಿ ಕಂಪನಿ ಇದೇ ಅಕ್ಕಿಯ ಮಾತ್ರೆಗಳನ್ನು ಹಿಂಪಡೆಯಿತು. ಬಳಸಿದವರಲ್ಲಿ ಮೂತ್ರಪಿಂಡದ ತೊಂದರೆ ಕಂಡಿತ್ತು.

ಸಾವಿರಾರು ವರ್ಷಗಳ ಬಳಕೆಯೇ ಸಾಕ್ಷಿ ಎನ್ನುವವರಿದ್ದಾರೆ. ಮೂತ್ರಪಿಂಡ ನಿಧಾನವಾಗಿ ಕೆಟ್ಟಾಗ ವರ್ಷಗಳ ಹಿಂದೆ ಕುಡಿದ ಕಷಾಯವನ್ನು ಯಾರು ನೆನೆಯುತ್ತಾರೆ?

ಇದು ಚೀನಾದ ಮೇಲಿನ ಸಿಟ್ಟಲ್ಲ. ನಮ್ಮ ಗುಗ್ಗುಳಕ್ಕೂ ಇದೇ ತಕ್ಕಡಿ: 2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಅದನ್ನು ತಿಂದವರ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲಿಲ್ಲ, ತುಸು ಏರಿತು.