ಆರೋಗ್ಯದ ಅಂಗಳ: ಅಜ್ಜನಿಗೊಂದು ಅಕ್ಷರಾಭ್ಯಾಸ

ಅನ್ನನಾಳದ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡ ಯಜಮಾನರು, 1941ರಿಂದ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕಡೆಯಿಂದ ಡೊಂಬಿವಲಿಯ ಮನೆಗೆ ಮರಳಿದರೆಂದರೆ, ಮನೆಯಾಕೆಯ ಮೊದಲ ಕೆಲಸ ಗಂಜಿ ಕಾಸುವುದು. “ಬಾಯಿಗೆ ಅನ್ನ ಬಿದ್ದು ಎಷ್ಟು ದಿನವಾಯಿತೋ! ಇನ್ನೆರಡು ಚಮಚ ಕುಡಿಯಿರಿ” ಎಂದು ಒತ್ತಾಯಿಸುವರು. ಪ್ರೀತಿ ಸರಿ, ಅವಸರ ಮಾತ್ರ ಸಲ್ಲದು.

ಈ ಶಸ್ತ್ರಕ್ರಿಯೆಯಲ್ಲಿ ರೋಗ ತಗಲಿದ ಅನ್ನನಾಳವನ್ನು ತೆಗೆದು, ಸಾಮಾನ್ಯವಾಗಿ ಜಠರವನ್ನೇ ಕೊಳವೆಯಂತೆ ಮಾಡಿ, ಮೇಲೆಳೆದು ಉಳಿದ ಭಾಗಕ್ಕೆ ಹೊಲಿಯುತ್ತಾರೆ. ಧ್ವನಿತಂತುಗಳನ್ನು ಆಡಿಸುವ ನರ ಅದರ ಮಗ್ಗುಲಲ್ಲೇ ಇದೆ. ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ನುಂಗುವಾಗ ಉಸಿರಿನ ದಾರಿ ಸರಿಯಾಗಿ ಮುಚ್ಚುವುದಿಲ್ಲ. ಬಹುದಿನ ನಳಿಗೆಯಿಂದಲೇ ಆಹಾರ ಪಡೆದವರ ಬಾಯಿಯ ಸ್ನಾಯುಗಳೂ ಸಡಿಲಾಗಿರುತ್ತವೆ. ಗುಟುಕು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಬರಬಹುದು. ಆದುದರಿಂದ ನುಂಗುವುದನ್ನು ಮಗುವಿನಂತೆ ಮತ್ತೆ ಕಲಿಯಬೇಕಾಗುತ್ತದೆ.

ಜಪಾನಿನಲ್ಲಿ ವೃದ್ಧರಿಗೆ ಊಟಕ್ಕೆ ಮುಂಚೆ ‘ಪ-ತ-ಕ-ರ’ ಎಂದು ಹೇಳಿಸುವ ರೂಢಿಯುಂಟು. ನಮ್ಮ ವರ್ಣಮಾಲೆ ಬಲ್ಲವರಿಗೆ ಇದರ ಮರ್ಮ ಕೂಡಲೇ ತಿಳಿದೀತು. ‘ಪ’ ಓಷ್ಠ್ಯ, ತುಟಿಗಳನ್ನು ಬಿಗಿಯುತ್ತದೆ. ‘ತ’ ದಂತ್ಯ, ನಾಲಗೆಯ ತುದಿಗೆ ಕಸುವು ಕೊಡುತ್ತದೆ. ‘ಕ’ ಕಂಠ್ಯ; ತುತ್ತನ್ನು ಒಳಕ್ಕೆ ತಳ್ಳುವ ನಾಲಗೆಯ ಬುಡವನ್ನು ಎತ್ತುತ್ತದೆ. ‘ರ’ ನಾಲಗೆಯನ್ನು ಮಡಿಸಿ ಆಡಿಸುತ್ತದೆ. ಒಂದೊಂದನ್ನೂ ಗಟ್ಟಿಯಾಗಿ ಐದಾರು ಸಲ ಹೇಳಿಸಿರಿ. ಬಳಿಕ ‘ಈ’, ‘ಊ’ ಎಂದು ತುಟಿ ಚಾಚಿ ಮುದುಡಲಿ; ಕೆನ್ನೆಗಳಲ್ಲಿ ಗಾಳಿ ತುಂಬಿ ಹಿಡಿಯಲಿ; ನಾಲಗೆಯನ್ನು ಅಂಗುಳಕ್ಕೆ ಒತ್ತಿ ಐದು ಎಣಿಸಲಿ. ಆಯಾಸವಾದರೆ, ನೋವಾದರೆ ನಿಲ್ಲಿಸಿರಿ. ವೈದ್ಯರು ಒಪ್ಪಿಗೆ ಕೊಡುವ ಮುನ್ನ ವ್ಯಾಯಾಮವನ್ನೂ ಊಟವನ್ನೂ ಆರಂಭಿಸಬೇಡಿರಿ.

ಊಟಕ್ಕೆ ಮುಂಚೆಯೂ ಮಲಗುವ ಮುಂಚೆಯೂ ಬಾಯಿ ಶುಚಿಯಾಗಿರಲಿ. ನೆಟ್ಟಗೆ ಕೂತು, ಮಾತಾಡದೆ, ಅರ್ಧರ್ಧ ಚಮಚ ತಿನ್ನಲಿ. ನೀರೇ ಸುಲಭವೆಂಬ ನಂಬಿಕೆ ತಪ್ಪು. ಅನೇಕರಿಗೆ ತಿಳಿನೀರಿಗಿಂತ ಕೊಂಚ ಮಂದವಾದ ಗಂಜಿಯೇ ಕ್ಷೇಮ. ಊಟವನ್ನು ಐದಾರು ಹೊತ್ತಿಗೆ ಹಂಚಿರಿ; ಉಂಡೊಡನೆ ಮಲಗಬಾರದು. ತಿನ್ನುವಾಗ ಕೆಮ್ಮು, ಗೊರಗೊರ ದನಿ, ಅನಂತರ ಜ್ವರ ಇಲ್ಲವೆ ಏದುಸಿರು ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಿರಿ. ಕೆಮ್ಮೇ ಇಲ್ಲದೆ ಆಹಾರ ದಾರಿ ತಪ್ಪುವುದೂ ಉಂಟಾದ್ದರಿಂದ, ವಾಕ್ ಚಿಕಿತ್ಸಕರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಲೇಸು. ಇಂಥ ಚಿಕಿತ್ಸಕರನ್ನು ತರಬೇತುಗೊಳಿಸುತ್ತಿರುವ ಸಂಸ್ಥೆಗಳಲ್ಲಿ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಒಂದು. ಆಸ್ಪತ್ರೆಗೆ ಹೋಗಿಬರುವಾಗ ನೂಕುನುಗ್ಗಲಿನಲ್ಲಿ ನಿಲ್ಲಬೇಕಾಗಿಲ್ಲ. ಲೋಕಲಿನಲ್ಲಿ ದಿವ್ಯಾಂಗರ ಮೀಸಲು ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಎಡೆಯುಂಟು.

ಕಡೆಗೊಂದು ಮಾತು. ಕನ್ನಡ ಅಕ್ಷರ ಬಾರದ ಮೊಮ್ಮಗು ಮನೆಯಲ್ಲಿದ್ದರೆ ಸಂಜೆ ಅಜ್ಜನ ಪಕ್ಕದಲ್ಲಿ ಕೂರಿಸಿರಿ. ಇಬ್ಬರೂ ಒಟ್ಟಿಗೆ ‘ಪ-ತ-ಕ-ರ’ ಹೇಳಲಿ. ಮಗುವಿಗೆ ಅಕ್ಷರ ಬಂದೀತು, ಅಜ್ಜನಿಗೆ ಅನ್ನ ಇಳಿದೀತು.